ಗಂಗೊಳ್ಳಿಯ ಬೆಕ್ಕಿನ ಊಟ

ಕುಂದಾಪುರದ ನನ್ನ ಕ್ಲಿನಿಕ್ಕಿಗೆ ಬೆಕ್ಕುಗಳು ಗೋಣಿಚೀಲದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಬರುತ್ತವೆ. ಈ ಬೆಕ್ಕು ಬಂದದ್ದು ಮೀನಿನ ಬುಟ್ಟಿಯಲ್ಲಿ. ಮೇಲೆ ಇನ್ನೊಂದು ಬುಟ್ಟಿ ಮಗುಚಿ, ಹಗ್ಗ ಬಿಗಿದು ತಂದಿದ್ದರು. ತಂದವರು ಗಂಗೊಳ್ಳಿಯ ಮೀನು ಮಾರುವ ಹೆಂಗಸು, ಐವತ್ತು ದಾಟಿರಬಹುದು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಬೆಕ್ಕಿನ ಹೆಸರು ಕೆಂಚ. ಎಂಟು ವರ್ಷದ ಕೆಂಪು ಗಂಡು, ಹಿಂದೊಮ್ಮೆ ನನ್ನ ಕೈಯಲ್ಲೇ ಆಪರೇಷನ್ ಆಗಿ ಹೋಗಿತ್ತು.

"ಏನಾಗಿದೆ?" ಎಂದೆ.

"ಇದ್ಕೆ ಬುದ್ಧಿ ಕೆಟ್ಟಿತ್ತ್ ಡಾಕ್ಟ್ರಮ್ಮ."

ನಾನು ಗದಗಿನ ಕಡೆಯವಳು. ಅಲ್ಲಿಯ ಜನ ದನವನ್ನು ತಂದರೆ ಮೇವು ಬಿಟ್ಟಿದೆ, ಸೆಗಣಿ ಹಾಕಿಲ್ಲ ಎನ್ನುತ್ತಾರೆ. ಇಲ್ಲಿಯವರು ಮೊದಲು ಹೇಳುವುದು ಪ್ರಾಣಿಯ ನಡತೆಯನ್ನು. ನನಗೆ ಅದರ ಬಗ್ಗೆ ತಕರಾರಿಲ್ಲ. ಜ್ವರವನ್ನು ನಾನೇ ಅಳೆಯಬಲ್ಲೆ, ಬುದ್ಧಿ ಕೆಟ್ಟದ್ದನ್ನು ಮನೆಯವರೇ ಹೇಳಬೇಕು. ಸುಮ್ಮನೆ ಕೇಳಿಸಿಕೊಂಡೆ.

"ಮೊದ್ಲೆಲ್ಲ ಹೊಯ್ಗಿಯಗೆ ಹೋಯಿ, ಮುಚ್ಚಿ ಬಪ್ಪುದ್. ಈಗ ಒಣಮೀನಿನ ಚೀಲದ ಮೇಲೇ ಉಚ್ಚಿ ಹೊಯ್ತತ್ತ್. ಒಂದಿನ ಅಲ್ಲ, ದಿನಾ. ಐಸ್ ಪೆಟ್ಟಿ ಅಡಿಯಗೆ ನೀರ್ ನಿಂತಿರತ್ತಲೆ, ಅದನ್ನೂ ನೆಕ್ಕಿ ನೆಕ್ಕಿ ಕುಡಿತತ್ತ್. ಎಷ್ಟ್ ಹಾಕಿರೂ ಹಸಿವ್ ಹೋತಿಲ್ಲ. ಮೈ ಕಂಡ್ರೆ ಒಣ್ಗಿದ್ ಬಂಗ್ಡಿ ಮೀನ್."

ಮುಟ್ಟಿದರೆ ಗುರ್ ಎನ್ನುತ್ತದೆ, ಮೈ ನೆಕ್ಕಿಕೊಳ್ಳುವುದಿಲ್ಲ, ಬಲೆಯ ಸುರುಳಿಯ ಹಿಂದೆ ಹೋಗಿ ಕೂರುತ್ತದೆ ಎಂದೂ ಹೇಳಿದರು. ಅವರ ಯಜಮಾನರದು ಒಣಮೀನಿನ ವ್ಯಾಪಾರ. ಉಚ್ಚೆಯ ವಾಸನೆ ಬಂದ ಮಾಲನ್ನು ಗಿರಾಕಿಗಳು ಹಿಂದಕ್ಕೆ ಕೊಟ್ಟಿದ್ದರು. ಬೆಕ್ಕನ್ನು ಬಂದರಿಗೆ ಬಿಟ್ಟು ಬರುತ್ತೇನೆ ಎಂದು ಯಜಮಾನರು ಹಟ ಹಿಡಿದಿದ್ದರು.

"ಅಲ್ಲಿಪ್ಪ ಬೆಕ್ಕ್‌ಗಳ್ ಇದನ್ನ ಉಳ್ಸುದಿಲ್ಲ. ಒಂಚೂರ್ ಕಾಣಿ ಅಮಾ. ಗುಣ ಆತ್ತ್ ಅಂದ್ರೆ ಇವ್ರನ್ನ ನಾ ತಡಿತೆ."

ಕೆಂಚನನ್ನು ಮೇಜಿನ ಮೇಲೆ ನಿಲ್ಲಿಸಿದೆ. ಆರೋಗ್ಯವಂತ ಬೆಕ್ಕು ಬೆರಳ ಮೇಲೆ ನಡೆಯುತ್ತದೆ. ಇದು ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ, ಮನುಷ್ಯರ ಹಾಗೆ ಹೆಜ್ಜೆ ಇಟ್ಟಿತು. ಸಕ್ಕರೆ ಕಾಯಿಲೆ ಹಳತಾಗಿ ನರಕ್ಕೆ ಪೆಟ್ಟು ಬಿದ್ದರೆ ಬೆಕ್ಕು ಹೀಗೆ ನಡೆಯುತ್ತದೆ. ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದೆ. ಮೀಟರು ನಾನೂರು ದಾಟಿತು.

ಆದರೆ ಬೆಕ್ಕಿನ ವಿಷಯದಲ್ಲಿ ಒಂದು ಹನಿ ರಕ್ತವನ್ನು ನಂಬುವಂತಿಲ್ಲ. ಹೆದರಿದರೂ ಅದಕ್ಕೆ ಸಕ್ಕರೆ ಏರುತ್ತದೆ. ಬುಟ್ಟಿಯೊಳಗೆ ಕೂತು, ಬಸ್ಸಿನಲ್ಲಿ ತ್ರಾಸಿ ಊರನ್ನು ಸುತ್ತಿ ಬಂದ ಬೆಕ್ಕು ಹೆದರದೆ ಇನ್ನೇನು ಮಾಡೀತು. ಮನೆಯಲ್ಲಿ ಆರಾಮವಾಗಿರುವಾಗಿನ ಮೂತ್ರ ಬೇಕು ಎಂದೆ. ಮರಳಲ್ಲಿ ಹೊಯ್ದರೆ ಇಂಗಿ ಹೋಗುತ್ತದೆ, ಹೇಗೆ ಹಿಡಿಯುತ್ತೀರಿ ಎಂದು ಕೇಳಿದ್ದಕ್ಕೆ ಅಮ್ಮ ನಕ್ಕರು. ಒಣಮೀನಿನ ಚೀಲದ ಮೇಲೆ ಪ್ಲಾಸ್ಟಿಕ್ ಹಾಸಿದರೆ ಮುಗಿಯಿತಂತೆ. ಮರುದಿನ ಶೀಶೆ ಬಂತು. ಪಟ್ಟಿ ಅದ್ದಿ ನೋಡಿದರೆ ಸಕ್ಕರೆಯ ಚೌಕ ಕಡುಗಂದು ಬಣ್ಣಕ್ಕೆ ತಿರುಗಿತು. ಕೀಟೋನಿನ ಚೌಕ ಮಾತ್ರ ಬಣ್ಣ ಬದಲಿಸಲಿಲ್ಲ. ಅಂದರೆ ಕಾಯಿಲೆ ಖಂಡಿತ, ಆದರೆ ದೇಹ ಇನ್ನೂ ವಿಷವೇರುವ ಹಂತಕ್ಕೆ ಹೋಗಿಲ್ಲ. ಕೆಲಸ ಮಾಡಲು ನಮಗೆ ಜಾಗವಿತ್ತು.

ಪಥ್ಯ ಹೇಳುವುದು ಸುಲಭ ಎಂದುಕೊಂಡಿದ್ದೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಬೇಕಾದದ್ದು ಮಾಂಸ, ಬೇಡವಾದದ್ದು ಹಿಟ್ಟು ಮತ್ತು ಧಾನ್ಯ. ದೊಡ್ಡ ಊರಿನವರು ಇದಕ್ಕಾಗಿ ಡಬ್ಬಿಯ ಆಹಾರ ಹುಡುಕುತ್ತಾರೆ. ಗಂಗೊಳ್ಳಿಯಲ್ಲಿ ಮೀನಿಗೆ ಏನು ಬರ. ಬೂತಾಯಿ ಮೀನನ್ನು ಹಸಿಯಾಗಿ ಕೊಡಬೇಡಿ, ಅದರಲ್ಲಿ ಒಂದು ಜೀವಸತ್ವವನ್ನು ಕೆಡಿಸುವ ಅಂಶವಿದೆ, ಬೇಯಿಸಿ ಕೊಡಿ, ಉಪ್ಪು, ಹುಳಿ, ಮೆಣಸು ಬೇಡ, ಮುಳ್ಳು ತೆಗೆಯಿರಿ, ದಿನವೂ ಒಂದೇ ಮೀನು ಬೇಡ, ನಡುವೆ ಮೊಟ್ಟೆ, ಕೋಳಿ ಇರಲಿ ಎಂದೆ. ಅನ್ನ, ಹಾಲು, ಬಿಸ್ಕೆಟ್ ನಿಲ್ಲಿಸಿ ಎಂದೂ ಹೇಳಿದೆ. ಅಮ್ಮ ತಲೆಯಾಡಿಸಿದರು.

ಇನ್ಸುಲಿನ್ ಮನುಷ್ಯರದ್ದೇ. ಸಿರಿಂಜಿನಲ್ಲಿ ಎರಡು ಬಗೆ, ಕೆಂಪು ಮುಚ್ಚಳದ್ದು ಮತ್ತು ಕಿತ್ತಳೆ ಮುಚ್ಚಳದ್ದು. ನಮ್ಮ ಬಾಟಲಿಗೆ ಹೊಂದುವುದು ಕಿತ್ತಳೆಯದು. ಬದಲಾದರೆ ಅಳತೆ ಎಲ್ಲೆಲ್ಲಿಗೋ ಹೋಗುತ್ತದೆ ಎಂದು ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಿದೆ. ಹೆಗಲ ಹಿಂದಿನ ಸಡಿಲ ಚರ್ಮವನ್ನು ಎತ್ತಿ, ಅದರ ಬುಡಕ್ಕೆ ಚುಚ್ಚುವುದು. ಬೆಳಿಗ್ಗೆ ಒಂದು ಯೂನಿಟ್, ಸಂಜೆ ಒಂದು. ಕೊನೆಯಲ್ಲಿ, ನಾನು ಯಾರಿಗೂ ಹೇಳದೆ ಬಿಡದ ಮಾತನ್ನು ಹೇಳಿದೆ.

"ಊಟ ಮಾಡಿದ ಮೇಲೆಯೇ ಸೂಜಿ. ಊಟ ಮಾಡದಿದ್ದರೆ ಆ ಹೊತ್ತಿನ ಸೂಜಿ ಬಿಟ್ಟುಬಿಡಿ. ಖಾಲಿ ಹೊಟ್ಟೆಗೆ ಕೊಟ್ಟರೆ ಸಕ್ಕರೆ ಇಳಿದು ಬೆಕ್ಕು ಸಾಯುತ್ತದೆ."

"ಉಂಡ್ ಮೇಲೆ. ಗೊತ್ತಾಯ್ತ್," ಎಂದರು.

ಎರಡು ವಾರದ ನಂತರ ನೋಡಿದರೆ ಸಕ್ಕರೆ ಇದ್ದಲ್ಲೇ ಇತ್ತು. ಆಗಲೇ ಇಳಿಯಬೇಕೆಂದೇನಿಲ್ಲ, ಒಂದೂವರೆ ಯೂನಿಟ್ ಮಾಡಿದೆ. ಮತ್ತೆ ನೋಡಿದಾಗಲೂ ಅದೇ ಕಥೆ. ಔಷಧಿಯನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದೆ. ಮನೆಯಲ್ಲಿ ಫ್ರಿಜ್ಜಿಲ್ಲ, ಮೀನಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಐಸಿನ ಪುಡಿಯ ಒಳಗೇ. ಹೆಪ್ಪುಗಟ್ಟಿದ ಇನ್ಸುಲಿನ್ ನೀರಿಗೆ ಸಮ. ಕಾರಣ ಸಿಕ್ಕಿತು ಎಂದು ನನಗೆ ಖುಷಿಯೇ ಆಯಿತು. ಹೊಸ ಬಾಟಲಿ ಕೊಡಿಸಿ, ಅದನ್ನು ಪಕ್ಕದ ಅಂಗಡಿಯ ಫ್ರಿಜ್ಜಿನಲ್ಲಿ ಇಡುವ ವ್ಯವಸ್ಥೆ ಮಾಡಿಸಿದೆ.

ಹೊಸ ಬಾಟಲಿಯಿಂದ ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಮುನ್ನೂರರಿಂದ ಕೆಳಗೆ ಬರದೆ ನಿಂತಿತು. ಎರಡು ಯೂನಿಟ್, ಎರಡೂವರೆ, ಮೂರು. ಬಾಯಿ ತೆರೆದು ನೋಡಿದೆ, ಹಲ್ಲಿನ ಬುಡದಲ್ಲಿ ಕೀವಿಲ್ಲ. ಮೂತ್ರದಲ್ಲಿ ಸೋಂಕಿಲ್ಲ. ಸೂಜಿ ಹಾಕುವುದನ್ನು ನನ್ನೆದುರೇ ಮಾಡಿಸಿದೆ, ಒಂದು ಹನಿಯೂ ಹೊರಗೆ ಹೋಗಲಿಲ್ಲ. ಪ್ರತಿ ಸಲವೂ ಕೇಳುತ್ತಿದ್ದೆ, "ಸೂಜಿಗೆ ಮೊದಲು ಊಟ ಮಾಡಿತ್ತಾ?" ಪ್ರತಿ ಸಲವೂ ಅದೇ ಉತ್ತರ, "ಉಂಡಿತ್ತ್ ಅಮಾ." ಒಂದು ದಿನವೂ ತಪ್ಪಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳುವಾಗ ನನಗೆ ಮೆಚ್ಚುಗೆಯಾಗುತ್ತಿತ್ತು. ಇಷ್ಟು ಶ್ರದ್ಧೆಯಿಂದ ಔಷಧಿ ಕೊಡುವ ಮನೆಯವರು ಸಿಗುವುದೇ ಅಪರೂಪ.

ಅಷ್ಟರಲ್ಲಿ ಯಜಮಾನರ ತಾಳ್ಮೆ ಮುಗಿದಿತ್ತು. ಒಮ್ಮೆ ಅವರೇ ಬೆಕ್ಕನ್ನು ತಂದರು. ಉದ್ದನೆಯ, ಮಾತು ಕಡಿಮೆಯ ಮನುಷ್ಯ.

"ಇದ್ ಆಪುದಾ, ಹೋಪುದಾ? ಒಂದ್ ಹೇಳ್ಬಿಡಿ ಡಾಕ್ಟ್ರೆ. ನಿನ್ನೆ ಮತ್ತೊಂದ್ ಚೀಲ ಹಾಳ್ ಮಾಡ್ತ್. ಇನ್ನ್ ನಂಗೆ ಆತಿಲ್ಲ."

ಇದೊಂದು ಸಲ, ಒಂದು ದಿನ ಗೊತ್ತು ಮಾಡಿ ಕ್ಲಿನಿಕ್ಕಿನಲ್ಲಿ ಬಿಡಿ, ಇಡೀ ದಿನ ಸಕ್ಕರೆ ಹೇಗೆ ಏರಿಳಿಯುತ್ತದೆ ನೋಡಿ ಹೇಳುತ್ತೇನೆ ಎಂದೆ. ಆ ದಿನವೂ ದಾರಿ ಕಾಣದಿದ್ದರೆ ಬೆಕ್ಕು ಬಂದರಿಗೆ ಹೋಗುವುದು ಎಂದು ಅವರು ಅಲ್ಲೇ ತೀರ್ಮಾನ ಹೇಳಿದರು. ನಾನು ವಾದ ಮಾಡಲಿಲ್ಲ. ಮನೆ ಅವರದು, ಮಾಲು ಅವರದು.

ಕೆಂಚನನ್ನು ಗೊತ್ತು ಮಾಡಿದ ದಿನದ ಹಿಂದಿನ ಸಂಜೆಯೇ, ಮನೆಯಲ್ಲಿ ಸೂಜಿ ಮುಗಿಸಿ ತಂದು ಬಿಟ್ಟರು. ಬೆಳಿಗ್ಗೆ ನಾನೇ ಬೇಯಿಸಿದ ಮೀನು ಮತ್ತು ಒಂದು ಮೊಟ್ಟೆ ಇಟ್ಟೆ. ಬಟ್ಟಲನ್ನು ನೆಕ್ಕಿ ಖಾಲಿ ಮಾಡಿತು. ಮನೆಯಲ್ಲಿ ಕೊಡುವ ಹಾಗೆಯೇ ಮೂರು ಯೂನಿಟ್ ಕೊಟ್ಟೆ. ಆಮೇಲೆ ಎರಡೆರಡು ಗಂಟೆಗೊಮ್ಮೆ ಕಿವಿ ಚುಚ್ಚಿ ನೋಡುವುದು. ಮೊದಲ ಸಲ ಮುನ್ನೂರರ ಹತ್ತಿರ. ಮುಂದಿನ ಸಲ ಇನ್ನೂರರ ಒಳಗೆ. ಕೊನೆಗೂ ಮದ್ದು ತಾಗಿತು ಎಂದು ಹೊರಗೆ ಕಾದಿದ್ದ ನಾಯಿಯೊಂದನ್ನು ನೋಡಲು ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಕೆಂಚ ಪಂಜರದ ಮೂಲೆಯಲ್ಲಿ ಒರಗಿತ್ತು. ಕರೆದರೆ ತಲೆ ಎತ್ತಿತು, ತಲೆ ಓಲಾಡಿತು. ಪಾಪೆ ಅಗಲವಾಗಿ ಹರಡಿತ್ತು, ಹಿಂಗಾಲು ಅದುರುತ್ತಿತ್ತು. ಮೀಟರು ಮೂವತ್ತನಾಲ್ಕು ತೋರಿಸಿತು. ಮೊದಲು ಗ್ಲೂಕೋಸ್ ಪುಡಿಯನ್ನು ಕಲಸಿ ವಸಡಿಗೆ ಉಜ್ಜಿದೆ. ಮುಂಗಾಲಿನ ಕೂದಲು ಬೋಳಿಸಿ ರಕ್ತನಾಳ ಹುಡುಕಿದೆ. ಇಳಿದು ಹೋಗಿದ್ದ ನಾಳ ಸೂಜಿಗೆ ಸಿಗದೆ ಜಾರಿತು. ಇನ್ನೊಂದು ಕಾಲಿನಲ್ಲಿ ಸಿಕ್ಕಿತು. ಡೆಕ್ಸ್ಟ್ರೋಸನ್ನು ತೆಳುಮಾಡಿ ನಿಧಾನಕ್ಕೆ ತಳ್ಳಿದೆ, ಆಮೇಲೆ ಡ್ರಿಪ್ ಹಚ್ಚಿದೆ. ಅದುರುವುದು ನಿಂತಿತು. ಪ್ಲಾಸ್ಟರು ಹರಿದು ಸೂಜಿಯನ್ನು ಕಾಲಿಗೆ ಬಿಗಿದೆ.

ಸಂತೆಯಲ್ಲಿ ಮೀನು ಮಾರಿ ಮುಗಿಸಿ ಅಮ್ಮ ಬಂದದ್ದು ಆಗಲೇ. ಡ್ರಿಪ್ಪಿನ ಕೊಳವೆ ಕಂಡು ಬಾಗಿಲಲ್ಲೇ ನಿಂತರು. ಸಕ್ಕರೆ ಪೂರಾ ಇಳಿದು ಹೋಗಿತ್ತು, ಈಗ ಪರವಾಗಿಲ್ಲ ಎಂದೆ. ಅವರು ಕೇಳಿದ್ದು ಒಂದೇ ಮಾತು.

"ಬೆಳಿಗ್ಗೆ ಉಂಡ್ತಾ?"

"ಹೂಂ, ಚೆನ್ನಾಗಿ. ಮೀನು, ಮೊಟ್ಟೆ ಎಲ್ಲ ತಿಂದಿದೆ."

"ಅದ್ ತಿಂದದ್ದ್. ಉಂಡ್ತಾ ಕೇಂಡದ್ದ್ ನಾನ್."

"ತಿಂದಿದೆ ಅಂದೆನಲ್ಲ ಅಮ್ಮ."

"ಎಂತ ಮರಾಯ್ರೆ, ಮೀನ್ ತಿಂದ್ರೆ ಉಂಡ ಹಾಂಗ್ ಆತ್ತಾ? ಗಂಜಿ ಹಾಕ್ಲಿಲ್ಲ್ಯಾ? ಉಣ್ದೆ ಸೂಜಿ ಕೊಟ್ರ್ಯಾ?"

ನಾನು ಸ್ಟೂಲಿನ ಮೇಲೆ ಕೂತೆ. ನಮ್ಮ ಕಡೆ ರೊಟ್ಟಿ ಪಲ್ಯ ತಿಂದು ಎದ್ದರೂ ಊಟ ಆಯ್ತು ಎನ್ನುತ್ತೇವೆ. ಇಲ್ಲಿ ಅಕ್ಕಿ ಬೆಂದು ಬಾಯಿಗೆ ಹೋಗದೆ ಊಟ ಆಗುವುದಿಲ್ಲ. ದೋಸೆ ತಿಂಬುದು, ಮೀನು ತಿಂಬುದು, ಗಂಜಿ ಮಾತ್ರ ಉಂಬುದು. ಈ ಊರಿಗೆ ಬಂದು ವರ್ಷಗಳಾದವು, ನಾನೂ ದಿನಾ ಇದನ್ನು ಕೇಳುತ್ತೇನೆ, ಬೆಕ್ಕಿನ ಹೊಟ್ಟೆಗೂ ಇದು ಅನ್ವಯಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ನಿಧಾನಕ್ಕೆ ಕೇಳುತ್ತಾ ಹೋದೆ. ಅಮ್ಮ ಮೊದಲ ದಿನದಿಂದಲೂ ನನ್ನ ಎರಡು ಮಾತನ್ನೂ ಪಾಲಿಸಿದ್ದರು. ಅನ್ನ ನಿಲ್ಲಿಸಿ ಎಂದಿದ್ದೆ, ಹೊತ್ತು ಹೊತ್ತಿಗೆ ಹಾಕುತ್ತಿದ್ದುದನ್ನು ನಿಲ್ಲಿಸಿದ್ದರು. ಊಟ ಆಗದೆ ಸೂಜಿ ಕೊಟ್ಟರೆ ಬೆಕ್ಕು ಸಾಯುತ್ತದೆ ಎಂದಿದ್ದೆ, ಅದಕ್ಕಾಗಿ ಸೂಜಿಗೆ ಮೊದಲು, ಮೀನಿನ ಜೊತೆ ಒಂದು ಮುಷ್ಟಿ ಕುಚ್ಚಲಕ್ಕಿ ಗಂಜಿ ಉಣಿಸುತ್ತಿದ್ದರು. ಬೆಕ್ಕು ಮೀನನ್ನು ಮಾತ್ರ ತಿಂದು ಗಂಜಿ ಬಿಟ್ಟ ದಿನ ಬೆರಳಲ್ಲಿ ಬಾಯಿಗೆ ಒತ್ತುತ್ತಿದ್ದರು. ಮನುಷ್ಯರಿಗೂ ಕೆಲವು ಗುಳಿಗೆ ಊಟದ ಮೇಲೆಯೇ ಅಲ್ಲವೇ ಎಂದು ನನ್ನನ್ನೇ ಕೇಳಿದರು. ಅವರು ಹೇಳುವುದರಲ್ಲಿ ಎಲ್ಲೂ ಎಡವಟ್ಟಿರಲಿಲ್ಲ. ನಾನು ಏರಿಸಿದ ಒಂದೊಂದು ಅರ್ಧ ಯೂನಿಟ್ಟೂ ಆ ಗಂಜಿಗೆ ಜಮೆಯಾಗಿತ್ತು. ಗಂಜಿ ಇಲ್ಲದ ಮೊದಲ ಬೆಳಿಗ್ಗೆ ಅಷ್ಟೂ ಇನ್ಸುಲಿನ್ ಬೆಕ್ಕಿನ ಮೇಲೆ ಬಿದ್ದಿತ್ತು.

ನನ್ನೆದುರು ಎರಡು ದಾರಿ ಇದ್ದವು. ಗಂಜಿ ಇರಲಿ ಬಿಡಿ ಎಂದು ಮೂರು ಯೂನಿಟ್ಟನ್ನೇ ಮುಂದುವರಿಸಬಹುದು. ಅಮ್ಮನಿಗೆ ಅದೇ ಹಿತ. ಆದರೆ ಮುಷ್ಟಿ ಅಳತೆಯಲ್ಲ. ಒಂದು ದಿನ ಗಂಜಿ ಕಡಿಮೆಯಾದರೆ ಇಂದಿನ ಗತಿಯೇ, ಆ ದಿನ ಹತ್ತಿರ ಯಾರೂ ಡ್ರಿಪ್ ಹಿಡಿದು ಕೂತಿರುವುದಿಲ್ಲ. ಎರಡನೆಯದು ಗಂಜಿಯನ್ನು ಪೂರ್ತಿ ಬಿಡಿಸಿ, ಆ ಸಂಜೆಯ ಸೂಜಿಯನ್ನೂ ಬಿಟ್ಟು, ಅರ್ಧ ಯೂನಿಟ್ಟಿನಿಂದ ಮೊದಲಿನಿಂದ ಶುರು ಮಾಡುವುದು. ಇನ್ಸುಲಿನ್ ತಯಾರಿಸುವ ಬೆಕ್ಕಿನ ಮೇದೋಜೀರಕ ಪೂರ್ತಿ ಸತ್ತಿರದಿದ್ದರೆ, ಹಿಟ್ಟಿನ ಹೊರೆ ಇಳಿಸಿದಾಗ ಅದು ಮತ್ತೆ ಕೆಲಸ ಹಿಡಿಯುವುದುಂಟು. ನಾನು ಎರಡನೆಯದನ್ನು ಹಿಡಿದೆ.

"ಇವತ್ತಿನಿಂದ ಒಂದು ಅಗುಳೂ ಬೇಡ. ಸೂಜಿಗೂ ಬೇಡ. ಬೆಕ್ಕಿಗೆ ಮೀನೇ ಊಟ," ಎಂದೆ.

ಒಪ್ಪುತ್ತಾರೆ ಎಂದುಕೊಂಡಿದ್ದೆ. ಅಮ್ಮ ಬುಟ್ಟಿಯನ್ನು ಕೆಳಗಿಟ್ಟರು.

"ಅದೊಂದ್ ಹೇಳ್ಬೇಡಿ ಡಾಕ್ಟ್ರಮ್ಮ. ಮೀನ್ ಬಂದರದ ಬೆಕ್ಕೂ ತಿಂತತ್ತ್. ಉಂಬುದ್ ಮನಿ ಬೆಕ್ಕ್. ಇದ್ ಮರಿ ಇಪ್ಪತಿಗೆ ಬಂದರಿಂದ ನನ್ನ ಹಿಂದೆ ಬಂದದ್ದ್. ಇವ್ರ್ ಆಗ್ಳೂ ಓಡ್ಸಿ ಬಪ್ಪುಕೆ ಹೊರ್ಟಿದ್ರ್. ನಾ ನನ್ನ ಬಟ್ಲಿಂದ ಗಂಜಿ ಹಾಕ್ದೆ, ಉಂಡ್ತ್. ಉಂಡದ್ದನ್ನ ಹ್ಯಾಂಗ್ ಓಡ್ಸುದ್ ಅಂದೇಳಿ ಇವ್ರೇ ಸುಮ್ನಾರ್. ಈಗ ಉಂಬುದ್ ಬಿಡ್ಸಿರೆ, ಇವ್ರಿಗ್ ನಾ ಎಂತ ಹೇಳುದ್?"

ಅವರ ಭಯ ಆಗ ಅರ್ಥವಾಯಿತು. ಅರ್ಥವಾಯಿತು ಎಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಇನ್ನೂ ಕಣ್ಣು ಸರಿಯಾಗಿ ತೆರೆಯದ ಬೆಕ್ಕನ್ನು ತೋರಿಸಿ, "ಉಣಿಸಿದರೆ ಇದು ಮನೆಯ ಬೆಕ್ಕಾಗಿಯೇ ಸಾಯುತ್ತದೆ, ನೋಡಿ ನಿಮಗೆ ಯಾವುದು ಬೇಕು," ಎಂದುಬಿಟ್ಟೆ. ಒರಟು ಮಾತೇ. ಅವರು ಕೆಂಚನ ಕಿವಿಯ ಹಿಂದೆ ಕೆರೆದರು. ಆಮೇಲೆ ಒಂದು ತಿಂಗಳಿಗೆ ಒಪ್ಪಿಕೊಂಡರು. ಯಜಮಾನರಿಗೂ ಆ ಒಂದು ತಿಂಗಳ ಮಾತನ್ನೇ ಫೋನಿನಲ್ಲಿ ಹೇಳಿದೆ, ದಾರಿ ಕಂಡಿದೆ ಎಂದು ಸೇರಿಸಿದೆ. ಅವರು ಹೂಂ ಎಂದಷ್ಟೇ ಹೇಳಿ ಇಟ್ಟರು.

ಇಷ್ಟು ದಿನ ಎರಡು ಗೀಟಿನ ನಡುವೆ ಅಂದಾಜಿಗೆ ಅಳೆದದ್ದು ಸಾಕೆಂದು, ಅರ್ಧ ಯೂನಿಟ್ಟಿನ ಗೀಟು ಇರುವ ಸಿರಿಂಜನ್ನು ಮಂಗಳೂರಿನಿಂದ ತರಿಸಿಕೊಟ್ಟೆ. ಕಿವಿ ಚುಚ್ಚುವುದನ್ನು ಅಮ್ಮನಿಗೇ ಕಲಿಸಿ, ಸಣ್ಣ ಮೀಟರೊಂದನ್ನು ಕೊಟ್ಟು ಕಳಿಸಿದೆ. ಚೀಟಿಯಲ್ಲಿ ಊಟ ಎಂಬ ಪದವನ್ನೇ ಬರೆಯಲಿಲ್ಲ. "ಮೀನು, ಮೊಟ್ಟೆ ಅಥವಾ ಕೋಳಿ ತಿಂದ ಮೇಲೆ ಸೂಜಿ" ಎಂದು ಬರೆದೆ. ಅವರು ಸಂತೆಯಿಂದಲೇ ಫೋನ್ ಮಾಡಿ, ಬಂಗುಡೆಯ ಬೆಲೆ ಕೂಗುವ ದನಿಯಲ್ಲೇ ಸಕ್ಕರೆಯ ಅಂಕಿ ಹೇಳುತ್ತಿದ್ದರು. ಮೊದಲ ವಾರ ಮುನ್ನೂರರ ಆಸುಪಾಸು, ಆಮೇಲೆ ಇನ್ನೂರೈವತ್ತು, ಆಮೇಲೆ ಅದಕ್ಕಿಂತ ಕೆಳಗೆ. ನಡುವೆ ಒಂದು ದಿನ ದಿಢೀರನೆ ಏರಿತು. ಗಂಜಿಯೇ ಎಂದು ನನಗೆ ಅನುಮಾನ ಬಂತು. ವಿಚಾರಿಸಿದರೆ, ಹಬ್ಬಕ್ಕೆ ಬಂದ ನೆಂಟರು ಬಿಸ್ಕೆಟ್ ಹಾಕಿದ್ದರು. ನೆಂಟರಿಗೆ ಅಮ್ಮ ಬೈದ ಬೈಗುಳವನ್ನು ನನಗೂ ಒಮ್ಮೆ ಪೂರ್ತಿ ಕೇಳಿಸಿದರು.

ಅಂಕಿಗಿಂತ ಮೊದಲು ಬದಲಾದದ್ದು ಬೆಕ್ಕಿನ ನಡತೆ. ನೀರಿನ ಪಾತ್ರೆಯ ಹತ್ತಿರ ಹೋಗುವುದು ಕಡಿಮೆಯಾಯಿತು. ಚೀಲ ಬಿಟ್ಟು ಮತ್ತೆ ಮರಳಿಗೆ ಹೋಗತೊಡಗಿತು. ಮೈ ನೆಕ್ಕಿಕೊಳ್ಳತೊಡಗಿದ ಮೇಲೆ ಕೂದಲಿಗೆ ಹೊಳಪು ಬಂತು. ಬಲೆಯ ಹಿಂದಿನಿಂದ ಹೊರಬಂದು ಜಗಲಿಯಲ್ಲಿ ಮಲಗಿತು. ಯಜಮಾನರ ಮಡಿಲಿಗೂ ಹತ್ತಿತಂತೆ, ಅವರು ಎಬ್ಬಿಸಲಿಲ್ಲವಂತೆ. ಹಿಂಗಾಲು ನೆಟ್ಟಗಾಗಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಒಂದು ತಿಂಗಳು ಎರಡಾಯಿತು, ಯಾರೂ ಆ ಮಾತನ್ನು ಎತ್ತಲಿಲ್ಲ. ಸಕ್ಕರೆ ನೂರರ ಸುತ್ತ ನಿಂತಾಗ ಸೂಜಿಯನ್ನು ದಿನಕ್ಕೆ ಒಂದಕ್ಕೆ ಇಳಿಸಿದೆ, ಆಮೇಲೆ ನಿಲ್ಲಿಸಿಯೇ ಬಿಟ್ಟೆ. ನಿಲ್ಲಿಸಿದ ಮೇಲಿನ ವಾರಗಳು ನನಗೆ ಕಷ್ಟವಾಗಿದ್ದವು. ಪ್ರತಿ ಫೋನಿಗೂ ಏರಿದ ಅಂಕಿಯನ್ನೇ ನಿರೀಕ್ಷಿಸುತ್ತಿದ್ದೆ. ಏರಲಿಲ್ಲ.

ಕೊನೆಯ ತಪಾಸಣೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಕೆಂಚ ಮೇಜಿನ ಮೇಲೆ ಬೆರಳೂರಿ ನಡೆಯಿತು. ಮೀಟರು ತೊಂಬತ್ತೆಂಟು ತೋರಿಸಿತು, ಮೂತ್ರದ ಪಟ್ಟಿ ಬಣ್ಣ ಬದಲಿಸಲಿಲ್ಲ. ಇದು ಪೂರ್ತಿ ಗುಣವಲ್ಲ, ಕಾಯಿಲೆ ಹಿಂದೆ ಸರಿದು ಕೂತಿದೆ, ಗಂಜಿ ಶುರು ಮಾಡಿದರೆ ವಾಪಸು ಬರುತ್ತದೆ ಎಂದು ವಿವರಿಸಿದೆ.

"ಹಂಗಾರೆ ಇನ್ನ್ ಇದ್ ಉಂಬುದೇ ಇಲ್ಲ್ಯಾ? ಇಪ್ಪಷ್ಟ್ ದಿನವೂ?" ಅಮ್ಮ ಕೇಳಿದರು.

"ಇಲ್ಲ ಅಮ್ಮ. ಯಾವತ್ತೂ ಇಲ್ಲ."

ಅವರು ಅತ್ತರು. ಬೆಕ್ಕು ಸಾಯುತ್ತಾ ಮಲಗಿದ್ದಾಗ ಅಳದವರು, ಅದು ಬದುಕಿ ಎದುರು ನಿಂತಿರುವಾಗ ಸೆರಗು ಮುಖಕ್ಕೆ ಹಿಡಿದು ಅತ್ತರು. ನನಗೆ ಸಂಕಟವಾಯಿತು. ಮೀಟರನ್ನು ಅದರ ಚೀಲಕ್ಕೆ ಹಾಕತೊಡಗಿದೆ.

"ಹ್ವಾಯ್, ಎಂತಕ್ ಮರ್ಕುದ್?" ಯಜಮಾನರು ಬಾಗಿಲ ಕಡೆಯಿಂದ ಮುಂದೆ ಬಂದರು. "ನಾ ಬೊಂಬಾಯಗೆ ಹೋಟ್ಲಗೆ ಇಪ್ಪತಿಗೆ ಎಷ್ಟ್ ವರ್ಷ ಪಾವ್ ತಿಂದ್ಕಂಡೇ ಇದ್ದೆ. ಉಂಡದ್ದ್ ಊರಿಗ್ ಬಂದಾಗ ಮಾತ್ರ. ಆಗ ನಾ ನಮ್ಮನಿಯವ ಅಲ್ದನಾ?"

ಅಮ್ಮ ಸೆರಗು ತೆಗೆದು ಅವರ ಮುಖ ನೋಡಿದರು. ಯಜಮಾನರು ಬುಟ್ಟಿಯನ್ನು ಮೇಜಿನ ಹತ್ತಿರಕ್ಕೆ ಎಳೆದು, ಎರಡೂ ಕೈಯಲ್ಲಿ ಕೆಂಚನನ್ನು ಎತ್ತಿಕೊಂಡರು.

"ಬಾ, ಮನಿಗ್ ಹೋಪ," ಎಂದರು ಬೆಕ್ಕಿಗೆ.